ಕೃತಜ್ಞತೆಯ ಪೀರಿಯಡ್

ಮಕ್ಕಳನ್ನು ಕಾಪಾಡುವುದು ಹೇಗೆ ಎಂದು ಹೊಸ ಮೇಷ್ಟ್ರುಗಳಿಗೆ ಒಂದು ದಿನ ಕಲಿಸಬೇಕಾದರೆ ಖರ್ಚು ಕಡಿಮೆಯೇನಲ್ಲ. ಹೊರಗಿನಿಂದ ಕರೆಸಿದ ತರಬೇತಿಯ ಮೇಡಂಗೆ ಒಬ್ಬ ಮೇಷ್ಟ್ರ ತಿಂಗಳ ಸಂಬಳದಷ್ಟು. ನಗುವ ಮಗುವಿನ ಚಿತ್ರವಿರುವ ಬ್ಯಾನರಿಗೆ, ಅದನ್ನು ಏಣಿ ಹತ್ತಿ ಕಟ್ಟುವವನ ವಾರದ ಕೂಲಿಯಷ್ಟು. ಹೂಗುಚ್ಛಗಳು, ಊಟದ ಪೊಟ್ಟಣಗಳು, ಎರಡು ಸಲ ಚಹಾ, ಬಣ್ಣದ ಪ್ರಮಾಣಪತ್ರ, ಫೋಟೋದವನು, ಮುಖ್ಯ ಅತಿಥಿಯ ಕಾರಿಗೆ ಪೆಟ್ರೋಲು. ಎಲ್ಲ ಕೂಡಿಸಿದರೆ, ಆ ದುಡ್ಡಿನಲ್ಲಿ ಶೌಚಾಲಯ ತೊಳೆಯಲು ಒಬ್ಬ ಆಳನ್ನು ವರ್ಷವಿಡೀ ಇಟ್ಟುಕೊಳ್ಳಬಹುದಿತ್ತು.

ಶಾಲೆ ಆಳನ್ನು ಇಟ್ಟುಕೊಂಡಿರಲಿಲ್ಲ. ಶೌಚಾಲಯದ ಬಾಬ್ತು ತಿಂಗಳಿಗೆ ನಾಲ್ಕು ಬಾಟಲಿ ಆಸಿಡ್, ಒಂದೆರಡು ಬ್ರಷ್. ಕೈಗವಸಿಗೆ ಅಂತ ಒಂದು ಕಾಸೂ ಇರಲಿಲ್ಲ. ತೊಳೆಯುವ ಕೈಗಳು ಪುಕ್ಕಟೆ ಸಿಗುತ್ತಿದ್ದವು.

ಆ ಕೈಗಳಿಗೆ ಶಾಲೆಯಲ್ಲಿ ಒಂದು ಹೆಸರಿತ್ತು: ಮಾಫಿ ಮಕ್ಕಳು. ಚರಂಡಿ ಬೀದಿಯವರು. ಊರಿನ ಕಸ ಎತ್ತುವವರ, ಮೋರಿ ಬಳಿಯುವವರ ಮಕ್ಕಳು. ಸರ್ಕಾರದ ಕಟ್ಟಳೆಯಂತೆ ಶಾಲೆ ಹನ್ನೊಂದು ಮಕ್ಕಳಿಗೆ ಶುಲ್ಕ ಮಾಫಿ ಮಾಡಬೇಕಿತ್ತು. ಮಾಡಿತ್ತು. ಆದರೆ ಆಡಳಿತ ಮಂಡಳಿಗೆ ಒಂದು ಚಿಂತೆ ಹತ್ತಿಕೊಂಡಿತು. ಪುಕ್ಕಟೆ ಸಿಕ್ಕಿದ್ದರ ಬೆಲೆ ಯಾರಿಗೂ ತಿಳಿಯುವುದಿಲ್ಲವಲ್ಲ, ಪಾಪ, ಈ ಮಕ್ಕಳಿಗೆ ಉಪಕಾರಸ್ಮರಣೆ ಬರುವುದು ಹೇಗೆ? ಆ ಚಿಂತೆಗೆ ಹುಟ್ಟಿದ ಕೂಸು ಕೃತಜ್ಞತೆಯ ಪೀರಿಯಡ್. ಬೆಳಗ್ಗೆ ಉಳಿದ ಮಕ್ಕಳು ಪ್ರಾರ್ಥನೆಗೆ ನಿಂತಾಗ ಮಾಫಿ ಮಕ್ಕಳು ಶೌಚಾಲಯಕ್ಕೆ ಹೋಗುತ್ತಿದ್ದರು, ತೊಳೆಯಲು. ಶೌಚಾಲಯದ ಹೊರಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿತ್ತು: ಕೈ ಕೆಸರಾದರೆ ಬಾಯಿ ಮೊಸರು.

ಬರೆಸಿದವರು ವೈಸ್ ಪ್ರಿನ್ಸಿಪಾಲರು. ಅವರಿಗೆ ಮಕ್ಕಳಿಟ್ಟ ಹೆಸರು ಅತ್ತರ್ ಸಾರ್. ಜೇಬಿನಲ್ಲಿ ಸದಾ ಒಂದು ಸಣ್ಣ ಶೀಷೆ. ಕಾರಿಡಾರಿನ ಆ ತುದಿಯಲ್ಲಿ ಅವರು ತಿರುಗಿದರೆ ಈ ತುದಿಯ ತರಗತಿ ಗಪ್‌ಚಿಪ್ ಆಗುತ್ತಿತ್ತು.

ತರಬೇತಿಯ ದಿನ ಶಾಲೆಗೆ ರಜೆ. ಮಾಫಿ ಮಕ್ಕಳನ್ನು ಬಿಟ್ಟು. ಕುರ್ಚಿ ಹೊರಲು, ನೀರು ತುಂಬಲು, ಚಹಾ ಕೊಡಲು, ಕೊನೆಗೆ ತೊಳೆಯಲು ಯಾರಾದರೂ ಬೇಕಲ್ಲ.

ಒಂದೇ ಆಡಳಿತದ ನಾಲ್ಕು ಪ್ರೌಢಶಾಲೆಗಳಿಂದ ಇಪ್ಪತ್ತೊಂಬತ್ತು ಹೊಸ ಮೇಷ್ಟ್ರುಗಳು ಸಭಾಂಗಣದಲ್ಲಿ ಬಂದು ಕೂತರು. ಎಲ್ಲರೂ ಪರೀಕ್ಷಾವಧಿಯಲ್ಲಿದ್ದವರು. ಸಂಜೆ ಶಿಕ್ಷಣಾಧಿಕಾರಿಗಳ ಕೈಯಿಂದ ಎಲ್ಲರಿಗೂ ಒಂದೊಂದು ಲಕೋಟೆ. ಅದರೊಳಗೆ ತರಬೇತಿಯ ಪ್ರಮಾಣಪತ್ರ, ಅದರ ಹಿಂದೆ ಕೆಲಸ ಖಾಯಂ ಆದ ಪತ್ರ. ಪ್ರಮಾಣಪತ್ರ ಇಲ್ಲದವರಿಗೆ ಖಾಯಂ ಇಲ್ಲ. ಮಕ್ಕಳ ಹತ್ತಿರ ಬಿಡಲು ಯೋಗ್ಯರೋ ಅಲ್ಲವೋ ಗೊತ್ತಾಗಬೇಡವೆ?

ವಿಜ್ಞಾನದ ಟೀಚರ್ ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ಭಾಷಾ ಟೀಚರಿನ ಕೈಚೀಲ ಕೂತಿತ್ತು. ಅದರ ಆಚೆಗೆ ಭಾಷಾ ಟೀಚರ್. ಚೀಲಕ್ಕೆ ಕಾಲುನೋವಿತ್ತೆಂದಲ್ಲ. ವಿಜ್ಞಾನದ ಟೀಚರ್ ಕೂಡ ಚರಂಡಿ ಬೀದಿಯವಳು. ಕೆಲಸಕ್ಕೆ ಸೇರಿದ ದಿನ ವಿಳಾಸ ಕೊಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಸ್ಟಾಫ್ ರೂಮಿಗೆ ಅದು ಬಾಯಿಪಾಠವಾಗಿತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಓದಿದವರು, ಆಡುತ್ತಾರೆಯೇ? ಅವಳು ಕುಡಿದ ಲೋಟಕ್ಕೆ ಮಾತ್ರ ಯಾರೋ ಕೆಂಪು ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟರು. ಚೆಂದಕ್ಕೆ ಇರಬೇಕು.

ಅವಳ ಅಮ್ಮ ಮಾರುಕಟ್ಟೆ ಗುಡಿಸುತ್ತಿದ್ದಳು. ಮೂವತ್ತು ವರ್ಷ ಗುಡಿಸಿ, ಬಗ್ಗಿದ ಸೊಂಟ ಬಗ್ಗಿದ ಹಾಗೇ ನಿಂತುಬಿಟ್ಟಿತ್ತು. ಆ ದಿನ ಬೆಳಗ್ಗೆ ಮಗಳ ಸೀರೆಯ ನೆರಿಗೆ ಹಿಡಿಯುತ್ತಾ ಹೇಳಿದ್ದಳು: “ನೋಡು ಮಗಾ, ಇವತ್ತೊಂದು ದಿನ. ಕಾಗದ ಕೈಗೆ ಬರೋ ತನಕ ನಿನ್ನ ಬಾಯಿ ನಿಂದಲ್ಲ ಅಂದ್ಕೋ.”

“ಆಯ್ತಮ್ಮ.”

“ಆಯ್ತಮ್ಮ ಅಂತೀಯ. ನಿಮ್ಮಪ್ಪನೂ ಹಾಗೇ ಅಂತಿದ್ದ. ಆಯ್ತು ಅಂದ್ಬಿಟ್ಟು ಹೋಗಿ, ಕೆಲಸಕ್ಕೆ ಹಚ್ಚೋ ಮುಕಾದಮನ ಕೊರಳಪಟ್ಟಿ ಹಿಡಿದು ಬರ್ತಿದ್ದ.”

ಆರು ತಿಂಗಳಿಂದ ವಿಜ್ಞಾನದ ಟೀಚರ್ ಬಾಯಿಯನ್ನು ಹಾಗೆಯೇ ಇಟ್ಟುಕೊಂಡಿದ್ದಳು. ಮಾಫಿ ಮಕ್ಕಳು ಮೊದಲ ಪೀರಿಯಡ್ಡಿಗೆ ತಡವಾಗಿ, ಬಟ್ಟೆಯ ಅಂಚು ಒದ್ದೆ ಮಾಡಿಕೊಂಡು ಬರುವುದು ಅವಳ ಕಣ್ಣಿಗೆ ಬಿದ್ದಿತ್ತು. ಬಾಯಿಗೆ ಬಂದಿರಲಿಲ್ಲ.

ತರಬೇತಿಯ ಮೇಡಂ ಒಳ್ಳೆಯ ಹೆಂಗಸು. ದನಿ ಮೆತ್ತಗೆ. ಗೋಡೆಯ ಮೇಲೆ ಒಂದರ ಹಿಂದೊಂದು ಪುಟ ಮೂಡಿಸುತ್ತಾ ಮಗುವಿಗೆ ಎಲ್ಲೆಲ್ಲಿಂದ ಅಪಾಯ ಬರಬಹುದೆಂದು ತೋರಿಸಿದರು. ಮನೆಯಲ್ಲಿ ಕುಡಿಯುವ ಅಪ್ಪ. ಬಸ್ಸಿನಲ್ಲಿ ಅಪರಿಚಿತ. ಫೋನಿನಲ್ಲಿ ಮೋಸಗಾರ. ಓಣಿಯಲ್ಲಿ ಪುಂಡರು. ಶಾಲೆಯ ಚಿತ್ರವೂ ಒಂದಿತ್ತು. ಅಲ್ಲಿ ಎಲ್ಲರೂ ನಗುತ್ತಿದ್ದರು.

“ಮಗುವಿನ ಮುಖ ನೋಡಿದ ಕೂಡ್ಲೇ ಅದರ ಮನಸ್ಸಲ್ಲಿ ಏನಿದೆ ಅಂತ ನಮಗೆ ತಿಳೀಬೇಕು” ಎಂದರು ಮೇಡಂ. ಅಷ್ಟರಲ್ಲಿ ಚಹಾ ಬಂತು. ತಟ್ಟೆ ಹಿಡಿದಿದ್ದ ಹುಡುಗಿಯ ಮುಖ ನೋಡದೆ ಲೋಟ ತೆಗೆದುಕೊಂಡು, “ಥ್ಯಾಂಕ್ಯೂ ಪುಟ್ಟಾ” ಎಂದು ಪರದೆಯ ಕಡೆ ತಿರುಗಿದರು.

ಆ ಹುಡುಗಿ ಕಡ್ಡಿ. ಒಂಬತ್ತನೇ ತರಗತಿ. ಬಡಕಲು ದೇಹಕ್ಕೆ ಬಂದ ಹೆಸರು. ತಟ್ಟೆಯನ್ನು ಬೆರಳಿನಿಂದ ಹಿಡಿಯದೆ ಎರಡೂ ಮುಂಗೈಗಳ ಮೇಲೆ ಮಲಗಿಸಿಕೊಂಡು ನಡೆಯುತ್ತಿದ್ದಳು. ವಿಜ್ಞಾನದ ಟೀಚರ್ ಅದನ್ನು ನೋಡಿದಳು. ಇದೇನು ಹೊಸ ನಮೂನೆ ಎಂದುಕೊಂಡಳು.

ಮೇಡಂ ಬೆರಳು ಮಡಚುತ್ತಾ ಹೇಳಿದರು: “ಮಗು ಬಾಯಿ ಬಿಟ್ಟು ಹೇಳಿದಾಗ ನಾವು ನಾಲ್ಕು ಕೆಲಸ ಮಾಡ್ಬೇಕು. ಪೂರ್ತಿ ಕೇಳಿಸ್ಕೊಳ್ಳಿ, ಮಧ್ಯೆ ಬಾಯಿ ಹಾಕ್ಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ. ಮಗು ಹೇಳಿದ್ದನ್ನ ಅದರ ಮಾತಲ್ಲೇ ಬರ್ಕೊಳ್ಳಿ. ಅದೇ ದಿನ ಶಾಲೆಯ ರಕ್ಷಣಾಧಿಕಾರಿಗೆ ಮುಟ್ಟಿಸಿ.”

“ಮೇಡಂ, ಹೋಂವರ್ಕ್ ಜಾಸ್ತಿ ಅಂತ ಮಗು ದೂರು ಹೇಳಿದ್ರೆ ನನ್ನನ್ನ ನಾನೇ ಹಿಡಿದು ಒಪ್ಪಿಸ್ಬೇಕಾ?” ಎಂದ ಗಣಿತದ ಮೇಷ್ಟ್ರು. ಎಲ್ಲರೂ ನಕ್ಕರು.

ಆ ಶಾಲೆಯ ರಕ್ಷಣಾಧಿಕಾರಿ ಯಾರು? ವೇದಿಕೆಗೆ ಕರೆದರು. ಅತ್ತರ್ ಸಾರ್ ಎದ್ದು ಬಂದರು. ಹೂಗುಚ್ಛ ಕೊಟ್ಟರು. ಚಪ್ಪಾಳೆ. “ಈ ಶಾಲೆಯಲ್ಲಿ ಪ್ರತಿ ಮಗುವೂ ನನ್ನ ಮಗು” ಎಂದರು ಸಾರ್. ಅವರ ಸ್ವಂತ ಮಗು ಬೇರೆ ಊರಿನ ದುಬಾರಿ ಶಾಲೆಯಲ್ಲಿ ಓದುತ್ತಿತ್ತು. ಅಲ್ಲಿ ಶೌಚಾಲಯ ತೊಳೆಯಲು ಆಳುಗಳಿದ್ದರು.

ಆಮೇಲೆ ಅಭ್ಯಾಸ. ಇಬ್ಬಿಬ್ಬರ ಜೋಡಿ, ಒಬ್ಬರು ಮೇಷ್ಟ್ರು, ಒಬ್ಬರು ಮಗು. ಮಗುವಾದವರಿಗೆ ಒಂದು ಚೀಟಿ, ಅದರಲ್ಲಿದ್ದ ಸಂಕಟವನ್ನು ಹೇಳಿಕೊಳ್ಳಬೇಕು. ಮೇಷ್ಟ್ರಾದವರು ಕೇಳಿಸಿಕೊಂಡು ಹಾಳೆಯಲ್ಲಿ ಬರೆದುಕೊಳ್ಳಬೇಕು. ಕುರ್ಚಿಗಳು ಕಿರುಗುಟ್ಟಿದವು. ನೋಡನೋಡುತ್ತಿದ್ದಂತೆ ಎಲ್ಲರಿಗೂ ಜೋಡಿ ಸಿಕ್ಕಿತು. ಭಾಷಾ ಟೀಚರ್ ತನ್ನ ಚೀಲವನ್ನೂ ಎತ್ತಿಕೊಂಡು ಮೊದಲ ಸಾಲಿಗೆ ಹೋದಳು. ವಿಜ್ಞಾನದ ಟೀಚರ್ ಒಬ್ಬಳೇ ಉಳಿದಳು. ಇಪ್ಪತ್ತೊಂಬತ್ತು ಬೆಸ ಸಂಖ್ಯೆ, ಯಾರಾದರೊಬ್ಬರು ಉಳಿಯಲೇಬೇಕು ಎಂದು ಗಣಿತದ ಮೇಷ್ಟ್ರು ಲೆಕ್ಕ ಹೇಳಿದ. ಆ ಒಬ್ಬರು ಯಾವಾಗಲೂ ಅವಳೇ ಯಾಕೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

ಮೇಡಂಗೆ ಕನಿಕರವಾಯಿತು. ಸುತ್ತ ನೋಡಿದರು. ಖಾಲಿ ಲೋಟ ಆಯುತ್ತಿದ್ದ ಕಡ್ಡಿ ಕಂಡಳು. “ಬಾ ಪುಟ್ಟಾ. ನೀನೇ ಮಗು ಆಗು. ನಿಜವಾದ ಮಗು ಸಿಕ್ಕಿದ್ರೆ ಇನ್ನೂ ಒಳ್ಳೇದಲ್ವಾ? ಇವರಿಬ್ಬರದನ್ನ ಎಲ್ಲರೂ ನೋಡೋಣ.”

ವೇದಿಕೆಯ ಮುಂದೆ ಎರಡು ಕುರ್ಚಿ ಹಾಕಿದರು. ಕಡ್ಡಿ ಕುರ್ಚಿಯ ತುದಿಗೆ ಕೂತಳು. ಆ ಸಭಾಂಗಣದ ಕುರ್ಚಿಗಳನ್ನು ಅವಳು ನೂರು ಸಲ ಹೊತ್ತಿದ್ದಳು. ಕೂತದ್ದು ಅದೇ ಮೊದಲು. ಚೀಟಿ ಓದಿದಳು. ‘ನಮ್ಮ ಮನೆಯಲ್ಲಿ ದಿನಾ ಜಗಳ’ ಎಂದಿತ್ತು.

“ಇದು ನಮ್ಮನೇದಲ್ಲ ಮೇಡಂ.”

“ಇರ್ಲಿ ಪುಟ್ಟಾ, ಸುಮ್ನೆ ಹೇಳು, ನಾಟಕ ಇದು.”

“ನಂದೇ ಹೇಳ್ಬಹುದಾ?”

ಮೇಡಂ ಮುಖ ಅರಳಿತು. “ಹೇಳು ಹೇಳು! ಸಹಜವಾಗಿರುತ್ತೆ.”

ಕಡ್ಡಿ ವಿಜ್ಞಾನದ ಟೀಚರ್ ಕಡೆ ತಿರುಗಿದಳು. ದನಿ ಎತ್ತಲಿಲ್ಲ. ಹಾಜರಿ ಹೇಳುವವಳ ಹಾಗೆ ಹೇಳಿದಳು.

“ಟೀಚರ್, ನನ್ನ ಕೈ ಉರಿಯುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಬ್ರಷ್ ಮೇಲಿಂದ ಕೈಗೆ ಇಳಿಯುತ್ತೆ. ಪೆನ್ ಹಿಡಿದ್ರೆ ಚರ್ಮ ಸೀಳುತ್ತೆ. ಅದಕ್ಕೇ ಪರೀಕ್ಷೇಲಿ ಅರ್ಧ ಪ್ರಶ್ನೆ ಬಿಟ್ಟೆ. ನನ್ನ ಪೇಪರ್ ಮೇಲೆ ಒಬ್ರು ಟೀಚರ್ ಕೆಂಪು ಇಂಕಲ್ಲಿ ‘ಸೋಮಾರಿ’ ಅಂತ ಬರೆದ್ರು. ಈ ಸಲಾನೂ ಮಾರ್ಕ್ಸ್ ಕಡಿಮೆ ಬಂದ್ರೆ ಮಾಫಿ ತೆಗೀತಾರಂತೆ. ಆಮೇಲೆ ನಾನು ಶಾಲೆಗೆ ಬರೋ ಹಾಗಿಲ್ಲ. ನೀವೇ ಪಾಠದಲ್ಲಿ ಹೇಳಿದ್ರಲ್ಲ ಟೀಚರ್, ಆಸಿಡ್ ಬರಿಗೈಲಿ ಮುಟ್ಟಬಾರದು ಅಂತ. ನಾನು ಹೋಗಿ ವೈಸ್ ಪ್ರಿನ್ಸಿಪಾಲ್ ಸಾರ್‌ಗೆ ಅದನ್ನೇ ಹೇಳಿದೆ. ಅವ್ರು, ಅದು ವಿಜ್ಞಾನದ ಪಾಠ, ಇದು ಕೃತಜ್ಞತೆಯ ಪಾಠ, ಎರಡನ್ನೂ ಕಲಸಬೇಡ ಅಂದ್ರು.”

ಆಮೇಲೆ ಚಪ್ಪಾಳೆ. ಏನು ಚಪ್ಪಾಳೆ! ಅತ್ತರ್ ಸಾರ್‌ಗೆ ಹೂಗುಚ್ಛ ಕೊಟ್ಟಾಗ ಬಿದ್ದದ್ದಕ್ಕಿಂತ ಜೋರು. “ಎಂಥಾ ಆ್ಯಕ್ಟಿಂಗ್ ರೀ!” ಎಂದ ಗಣಿತದ ಮೇಷ್ಟ್ರು. ಭಾಷಾ ಟೀಚರ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಕೆಂಪು ಇಂಕಿನ ಪೆನ್ನು ಅವಳ ಚೀಲದಲ್ಲೇ ಇತ್ತು. ಅತ್ತರ್ ಸಾರ್ ಕೂಡ ಎರಡು ಸಲ ತಟ್ಟಿದರು. ತಟ್ಟದಿದ್ದರೆ ನಾಟಕವಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಕಡ್ಡಿ ಹಿಂದೆ ತಿರುಗಿ ನೋಡಿದಳು. ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ.

“ಕೈ ತೋರಿಸು” ಎಂದಳು ವಿಜ್ಞಾನದ ಟೀಚರ್.

ಕಡ್ಡಿ ಅಂಗೈ ಬಿಚ್ಚಿದಳು. ಬಿಚ್ಚುವಾಗ ಹಲ್ಲು ಕಚ್ಚಿದಳು. ಚರ್ಮ ಬೆಳ್ಳಗೆ ಸುಲಿದಿತ್ತು, ನೀರಲ್ಲಿ ನೆನೆದ ಕಾಗದದ ಹಾಗೆ. ಗೆರೆಗೆರೆಯೂ ಬಿರಿದಿತ್ತು. ಬಲಗೈ ಹೆಬ್ಬೆರಳ ಉಗುರು ಬುಡದಲ್ಲಿ ಕಪ್ಪಾಗಿತ್ತು. ತಟ್ಟೆಯನ್ನು ಮುಂಗೈ ಮೇಲೆ ಮಲಗಿಸುವ ಹೊಸ ನಮೂನೆ ಯಾಕೆಂದು ಆಗ ತಿಳಿಯಿತು.

ವಿಜ್ಞಾನದ ಟೀಚರ್ ಪೆನ್ನು ತೆಗೆದಳು. ಹುಡುಗಿ ಹೇಳಿದ್ದನ್ನು ಹುಡುಗಿಯ ಮಾತಿನಲ್ಲೇ ಬರೆದಳು. ಹೊತ್ತು ಹಿಡಿಯಿತು. ಹಾಳೆಯ ತಲೆಯ ಮೇಲೆ ‘ಅಭ್ಯಾಸಕ್ಕೆ ಮಾತ್ರ’ ಎಂದು ಅಚ್ಚಾಗಿತ್ತು. ಅದರ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಸಹಿ ಹಾಕಿದಳು. ಎದ್ದು ಹೋಗಿ ಅತ್ತರ್ ಸಾರ್ ಮುಂದೆ ಹಿಡಿದಳು.

“ಏನಮ್ಮಾ ಇದು? ನಾಟಕ ಮುಗೀತಲ್ಲ.”

“ನಾಟಕ ಮುಗೀತು ಸಾರ್. ಕೈ ಇನ್ನೂ ಹಾಗೇ ಇದೆ.”

“ಅಭ್ಯಾಸದ ಹಾಳೆ ಅಲ್ವೇನಮ್ಮಾ.”

“ಅದನ್ನ ಹೊಡೆದು ಹಾಕಿದೀನಿ. ಅದೇ ದಿನ ರಕ್ಷಣಾಧಿಕಾರಿಗೆ ಮುಟ್ಟಿಸ್ಬೇಕು ಅಂದ್ರು ಮೇಡಂ. ಮುಟ್ಟಿಸ್ತಿದೀನಿ.”

ಅತ್ತರ್ ಸಾರ್ ಕೈ ಚಾಚಲಿಲ್ಲ. ಹಾಳೆ ಗಾಳಿಯಲ್ಲಿ ನಿಂತಿತು. ವಿಜ್ಞಾನದ ಟೀಚರ್ ಹಾಳೆಯನ್ನು ಹಾಗೇ ಹಿಡಿದುಕೊಂಡು ಮೇಡಂ ಕಡೆ ತಿರುಗಿದಳು. “ಮೇಡಂ, ರಕ್ಷಣಾಧಿಕಾರಿ ಮೇಲೇ ದೂರು ಬಂದ್ರೆ ಯಾರಿಗೆ ಕೊಡ್ಬೇಕು?”

“ಬಹಳ ಒಳ್ಳೆ ಪ್ರಶ್ನೆ” ಎಂದರು ಮೇಡಂ. ಮುಖದಲ್ಲಿ ರಕ್ತವಿರಲಿಲ್ಲ. “ಅದಕ್ಕೊಂದು ಪುಟ ಇದೆ. ಸಮಯ ಸಾಲಲ್ಲ ಅಂತ ಬೆಳಗ್ಗೆ ಅದನ್ನ ಬಿಟ್ಟಿದ್ವಿ. ಈಗ ಊಟಕ್ಕೆ ಹೋಗೋಣ.”

ಎಲ್ಲರೂ ಊಟಕ್ಕೆ ಎದ್ದರು. ಹಸಿವು ಯಾರನ್ನು ಬಿಟ್ಟೀತು. ಭಾಷಾ ಟೀಚರ್ ಹತ್ತಿರ ಬಂದಳು, ಮುಟ್ಟದಷ್ಟು ಹತ್ತಿರ. “ನೋಡ್ರೀ, ನಮಗೂ ಕನಿಕರ ಇದೆ. ಆದ್ರೆ ಇವತ್ತೇ ಯಾಕೆ? ಬೇಲಿನೇ ಎದ್ದು ಹೊಲ ಮೇಯ್ದಿದೆ ಅಂದ್ರೆ, ಹೊಲ ಏನು ಮಾಡೋಕಾಗುತ್ತೆ ಹೇಳಿ?”

“ನಾವು ಹೊಲ ಅಲ್ಲ ಟೀಚರ್” ಎಂದಳು ಅವಳು. “ನಾವೂ ಬೇಲಿನೇ.”

ಕೈ ತೊಳೆಯುವ ನಲ್ಲಿಯ ಹತ್ತಿರ ತರಬೇತಿಯ ಮೇಡಂ ಆಚೀಚೆ ನೋಡಿ, ಮಡಚಿದ ಒಂದು ಹಾಳೆಯನ್ನು ಅವಳ ಕೈಗೆ ತುರುಕಿದರು. ಬೆಳಗ್ಗೆ ಬಿಟ್ಟುಹೋದ ಪುಟ. ರಕ್ಷಣಾಧಿಕಾರಿಯ ಮೇಲೆ ದೂರಿದ್ದಲ್ಲಿ ನೇರವಾಗಿ ಶಿಕ್ಷಣಾಧಿಕಾರಿಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆಯತಕ್ಕದ್ದು, ಎಂದಿತ್ತು.

“ನಾನು ಕೊಟ್ಟೆ ಅಂತ ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ” ಎಂದರು ಮೇಡಂ ಪಿಸುದನಿಯಲ್ಲಿ.

“ಹಾಗೆ ಮಾತು ಕೊಡಬಾರದು ಅಂತ ನೀವೇ ಹೇಳ್ಕೊಟ್ರಲ್ಲ ಮೇಡಂ.”

ಮೇಡಂ ಬೇಸಿನ್ನಿನ ಅಂಚು ಹಿಡಿದುಕೊಂಡು ನಕ್ಕರು. ಆ ದಿನ ಅವರು ನಕ್ಕ ನಿಜವಾದ ನಗು ಅದೊಂದೇ.

ಅತ್ತರ್ ಸಾರ್ ಅವಳನ್ನು ಕಾರಿಡಾರಿನಲ್ಲಿ ಹಿಡಿದರು. ಬೈಯಲಿಲ್ಲ. ಅವರು ಬೈಯುವ ಪೈಕಿಯವರಲ್ಲ. “ಸಂಜೆ ಖಾಯಂ ಪತ್ರ ಇದೆ, ಗೊತ್ತಲ್ಲಮ್ಮಾ? ನಿಮ್ಮಂಥವರಿಗೆ ಕೆಲಸ ಕೊಡಿಸೋಕೆ ಮಂಡಳೀಲಿ ನಾನು ಎಷ್ಟು ಜನರ ಹತ್ರ ಮಾತು ಕೇಳಿದೀನಿ. ಸ್ವಲ್ಪ ಕೃತಜ್ಞತೆ ಇರ್ಲಿ.”

“ನನಗೂ ಒಂದು ಪೀರಿಯಡ್ ಹಾಕಿದೀರಾ ಸಾರ್?”

ಸಾರ್ ನಗು ಕಳಚಿಬಿತ್ತು. ತಿರುಗಿ ಕೂಗಿದರು. “ಕಡ್ಡೀ! ಶಿಕ್ಷಣಾಧಿಕಾರಿಗಳು ಬರೋ ಹೊತ್ತಾಯ್ತು. ಮೇಲಿನ ಅತಿಥಿಗಳ ಟಾಯ್ಲೆಟ್ ತೊಳಿ. ಬೇಗ.”

ಬೆಳಗಿನಿಂದ ಅಷ್ಟು ಜನ ಹೋಗಿ ಬಂದ ಶೌಚಾಲಯ ಅದು. ನಾತ ಕೆಳಗಿನ ಕಾರಿಡಾರಿಗೇ ಬರುತ್ತಿತ್ತು. ಕಡ್ಡಿ ಬಕೆಟ್ಟು, ಬ್ರಷ್ಷು, ಆಸಿಡ್ ಬಾಟಲಿ ಎತ್ತಿಕೊಂಡಳು. ಬಾಟಲಿಯ ಕುತ್ತಿಗೆಯನ್ನು ಬೆರಳಿನಿಂದ ಹಿಡಿಯಲಾಗದೆ ಎದೆಗೆ ಅವುಚಿಕೊಂಡಳು, ಕೂಸನ್ನು ಅವುಚಿಕೊಂಡ ಹಾಗೆ.

ವಿಜ್ಞಾನದ ಟೀಚರ್ ಮೆಟ್ಟಿಲಿಗೆ ಅಡ್ಡ ನಿಂತಳು. “ಕೆಳಗಿಡು.”

“ಟೀಚರ್, ಬೈತಾರೆ.”

“ಬೈಲಿ. ಇಡು.”

“ಮಾಫಿ ತೆಗೀತಾರೆ ಟೀಚರ್.”

“ತೆಗೀಲಿ ನೋಡೋಣ. ನೀನು ಹೇಳಿದ್ದು ನನ್ನ ಕೈಲಿದೆ. ಇಡು ಮಗಳೇ.”

ಕಡ್ಡಿ ಸಾರ್ ಮುಖ ನೋಡಿದಳು. ಟೀಚರ್ ಮುಖ ನೋಡಿದಳು. ಬ್ರಷ್ ಇಟ್ಟಳು. ಬಕೆಟ್ ಇಟ್ಟಳು. ಬಾಟಲಿ ಇಡಲು ಬಗ್ಗಿದಾಗ ಟೀಚರೇ ಅದನ್ನು ಅವಳ ಎದೆಯಿಂದ ತೆಗೆದುಕೊಂಡಳು.

“ಹಾಗಾದ್ರೆ ನೀವೇ ತೊಳೀರಿ” ಎಂದರು ಅತ್ತರ್ ಸಾರ್. ಊಟ ಮುಗಿಸಿ ಬಂದವರೆಲ್ಲ ನಿಂತು ನೋಡುತ್ತಿದ್ದರು. ಅವರಿಗೆ ಕೇಳಲೆಂದೇ ದನಿ ಏರಿಸಿದರು. “ನಿಮಗೇನು ಹೊಸದಲ್ಲವಲ್ಲ ಈ ಕೆಲಸ.”

ವಿಜ್ಞಾನದ ಟೀಚರ್ ಕಣ್ಣ ಮುಂದೆ ಅಮ್ಮನ ಬಗ್ಗಿದ ಸೊಂಟ ಬಂತು. ಅಮ್ಮ ಹೇಳಿದ ಮಾತೂ ಬಂತು. ಅಮ್ಮ ಹೇಳಿದ ಮಾತನ್ನು ಆಚೆಗಿಟ್ಟಳು.

“ಹೊಸದಲ್ಲ ಸಾರ್. ನಮ್ಮಜ್ಜಿ ಮಾಡಿದ್ಲು, ನಮ್ಮಮ್ಮ ಮಾಡ್ತಿದಾಳೆ. ನಮ್ಮ ಮನೆ ಪಾಲಿನದು ಮುಗೀತು. ನಾನೂ ತೊಳೆಯಲ್ಲ, ಇವಳೂ ತೊಳೆಯಲ್ಲ. ನಿಮಗೆ ಹೊಸದಲ್ವಾ? ನೀವು ಒಂದ್ಸಲ ತೊಳೆದು ನೋಡಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇದು ಆ್ಯಕ್ಟಿಂಗ್ ಅಲ್ಲವಲ್ಲ.

ಅವಳು ಕಡ್ಡಿಯನ್ನು ಕರೆದುಕೊಂಡು ಸಭಾಂಗಣಕ್ಕೆ ಬಂದಳು. ಮೂರನೇ ಸಾಲಿನಲ್ಲಿ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಚೀಲ ಹೋಗಿ ಜಾಗ ಖಾಲಿಯಿತ್ತು. ದೂರಿನ ಹಾಳೆಗೆ ಇನ್ನೊಂದು ನಕಲು ಬರೆದಿಟ್ಟುಕೊಂಡಳು. ಆಸಿಡ್ ಬಾಟಲಿಯನ್ನು ವೇದಿಕೆಯ ಮೇಜಿನ ಮೇಲೆ, ಹೂಗುಚ್ಛಗಳ ನಡುವೆ ಇಟ್ಟಳು. ತೆಗೆಯಲು ಯಾರೂ ಮುಂದೆ ಬರಲಿಲ್ಲ. ಅದನ್ನು ಬರಿಗೈಯಲ್ಲಿ ಮುಟ್ಟಿ ಅವರಿಗೆ ಅಭ್ಯಾಸವಿರಲಿಲ್ಲ.

ಶಿಕ್ಷಣಾಧಿಕಾರಿಗಳು ಬಂದರು. ಮೂರು ಕಾರ್ಯಕ್ರಮ ಮುಗಿಸಿ ನಾಲ್ಕನೆಯದಕ್ಕೆ ಬಂದವರು. ಮೂರು ಕಡೆಯೂ ಚಹಾ ಕುಡಿದಿದ್ದರು. ಇಳಿದ ಕೂಡಲೇ ಅತ್ತರ್ ಸಾರ್ ಕಿವಿಯಲ್ಲಿ ಏನೋ ಕೇಳಿದರು. ಸಾರ್ ಮುಖ ಹುಳ್ಳಗಾಯಿತು. “ಒಂದು ನಿಮಿಷ ಸಾರ್” ಎಂದು ಮೇಲೆ ಓಡಿದರು. ಆ ಶೌಚಾಲಯದ ಬಾಗಿಲನ್ನು ಅವರು ಆ ಸ್ಥಿತಿಯಲ್ಲಿ ತೆರೆದದ್ದು ಅದೇ ಮೊದಲಿರಬೇಕು. ಒಳಗೇನು ಮಾಡಿದರೋ ಯಾರೂ ನೋಡಲಿಲ್ಲ. ಶಿಕ್ಷಣಾಧಿಕಾರಿಗಳು ಹೋಗಿ ಬಂದಾಗ ಮಾತ್ರ ಮೂಗಿಗೆ ಕರವಸ್ತ್ರ ಹಿಡಿದಿದ್ದರು, ಮೈಯೆಲ್ಲ ಗಂಧ ಘಮಘಮಿಸುತ್ತಿತ್ತು. ಸಾರ್ ಜೇಬಿನ ಶೀಷೆ ಖಾಲಿಯಾಗಿತ್ತು.

ಪ್ರಮಾಣಪತ್ರ ವಿತರಣೆ ಶುರುವಾಯಿತು. ಶಿಕ್ಷಣಾಧಿಕಾರಿಗಳಿಗೆ ಈ ಕೆಲಸ ಕೈಗೆ ಹತ್ತಿಬಿಟ್ಟಿತ್ತು. ಎಡಗೈಯಲ್ಲಿ ಲಕೋಟೆ, ಬಲಗೈಯಲ್ಲಿ ಕೈಕುಲುಕು, ಕ್ಯಾಮೆರಾ ಕಡೆ ನಗು. ಬಂದವರ ಮುಖ ನೋಡುವ ಗೋಜೇ ಇರಲಿಲ್ಲ. ಒಬ್ಬೊಬ್ಬರೇ ಹೋದರು, ಬಂದರು. ವಿಜ್ಞಾನದ ಟೀಚರ್ ಸರದಿ ಬಂತು.

ಅವಳು ಕಡ್ಡಿಯ ಮೊಣಕೈ ಹಿಡಿದುಕೊಂಡು ವೇದಿಕೆ ಹತ್ತಿದಳು. ಶಿಕ್ಷಣಾಧಿಕಾರಿಗಳು ಲಕೋಟೆ ಚಾಚಿದರು. ಅವಳು ಅದನ್ನು ತೆಗೆದುಕೊಳ್ಳದೆ ತನ್ನ ಹಾಳೆ ಚಾಚಿದಳು. ಅವರು ರೂಢಿಯಂತೆ ನಗುತ್ತಾ ಬಂದದ್ದನ್ನು ಹಿಡಿದುಕೊಂಡು ಕ್ಯಾಮೆರಾ ಕಡೆ ನೋಡಿದರು. ಫೋಟೋದವನು ಕ್ಲಿಕ್ಕಿಸಿದ. ಚಿತ್ರದಲ್ಲಿ ಎಲ್ಲವೂ ಬಂತು: ಅಧಿಕಾರಿಯ ನಗು, ಟೀಚರಿನ ಹಾಳೆ, ಬಿಚ್ಚಿದ ಅಂಗೈ ಹಿಡಿದು ನಿಂತ ಹುಡುಗಿ, ಹೂಗುಚ್ಛದ ನಡುವೆ ಆಸಿಡ್ ಬಾಟಲಿ, ಮೇಲೆ ನಗುವ ಮಗುವಿನ ಬ್ಯಾನರು.

“ಇದೇನಮ್ಮಾ?”

“ಮಗು ಹೇಳಿದ ದೂರು ಸಾರ್. ಮಗುವಿನ ಮಾತಲ್ಲೇ ಇದೆ. ತಲುಪಿತು ಅಂತ ಈ ನಕಲಿನ ಮೇಲೊಂದು ಸಹಿ ಹಾಕಿ.”

ಬೆಳಗಿನಿಂದ ನಾಲ್ಕು ಊರಿನಲ್ಲಿ ಮುಂದೆ ಬಂದದ್ದಕ್ಕೆಲ್ಲ ಸಹಿ ಹಾಕಿದ ಕೈ. ಲಕೋಟೆ ಮೇಜಿನ ಮೇಲಿಟ್ಟು ಹಾಕಿಬಿಟ್ಟಿತು. ಹಾಕಿದ ಮೇಲೆ ಕಣ್ಣು ಓದಿತು. ಅಧಿಕಾರಿ ಬಾಟಲಿ ನೋಡಿದರು. ಹುಡುಗಿಯ ಕೈ ನೋಡಿದರು. ಆಮೇಲೆ ಅತ್ತರ್ ಸಾರ್ ಕಡೆ ನೋಡಿದರು. ಅಷ್ಟರಲ್ಲಿ ಸಾರ್ ಮೇಜಿನ ಮೇಲಿದ್ದ ಅವಳ ಲಕೋಟೆಯನ್ನು ಮೆಲ್ಲಗೆ ತಮ್ಮ ಕೋಟಿನೊಳಗೆ ಇಳಿಸಿಕೊಂಡಿದ್ದರು.

ವಿಜ್ಞಾನದ ಟೀಚರ್ ಮನೆಗೆ ಬಂದಾಗ ಅಮ್ಮ ಹೊಸಿಲಲ್ಲಿ ಕೂತಿದ್ದಳು. ಮಗಳ ಕೈ ನೋಡಿದಳು. ಬರಿಗೈ.

“ಕಾಗದ ಎಲ್ಲಿ?”

ಅವಳು ಎಲ್ಲ ಹೇಳಿದಳು. ಅಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ಇನ್ನೊಂದು ಗಳಿಗೆ ಬಾಯಿಗೆ ಬೀಗ ಹಾಕಿದ್ರೆ ಖಾಯಂ ಆಗ್ತಿತ್ತಲ್ಲೇ! ಖಾಯಂ ಆದ್ಮೇಲೆ ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಖಾಯಂ ಆದ್ಮೇಲೆ ಬಾಯಿ ಬಿಟ್ಟವರನ್ನ ನೀನು ನೋಡಿದೀಯಾ ಅಮ್ಮ?”

ಅಮ್ಮ ಯೋಚಿಸಿದಳು. ಮಾರುಕಟ್ಟೆಯ ಮೂವತ್ತು ವರ್ಷದ ಮುಕಾದಮರು, ಇನ್ಸ್‌ಪೆಕ್ಟರರು, ಸಾಹೇಬರು ಎಲ್ಲರೂ ಅವಳ ಕಣ್ಣ ಮುಂದೆ ಸಾಲಾಗಿ ಹೋದರು.

“ಇಲ್ಲ” ಎಂದಳು. ಆಮೇಲೆ ಕೇಳಿದಳು: “ಆ ಗೋಡೆ ಮೇಲೆ ಏನೋ ಬರೆಸಿದಾರೆ ಅಂದ್ಯಲ್ಲ, ಏನದು?”

“ಕೈ ಕೆಸರಾದರೆ ಬಾಯಿ ಮೊಸರು.”

“ಸರೀನೇ ಬರೆಸಿದಾರೆ. ಕೈ ಯಾರ್ದು, ಬಾಯಿ ಯಾರ್ದು ಅಂತ ಬರೆಸಿಲ್ಲ ಅಷ್ಟೆ” ಎಂದಳು ಅಮ್ಮ. “ಒಳಗೆ ಬಾ. ಉಣ್ಣು.”

ಫೋಟೋದವನು ರೂಢಿಯಂತೆ ಪತ್ರಿಕೆಗೆ ಕಳಿಸಿದ್ದ ಫೋಟೋ ಅಚ್ಚಾಗಿ ಬಂತು. ಸಹಿ ಹಾಕಿದ ಅಧಿಕಾರಿ ಇನ್ನು ಗೊತ್ತಿಲ್ಲ ಎನ್ನುವಂತಿರಲಿಲ್ಲ. ತನ್ನ ತಲೆ ಉಳಿಸಿಕೊಳ್ಳಲು ತನಿಖೆ ಮಾಡಿಸಿದರು. ಕೃತಜ್ಞತೆಯ ಪೀರಿಯಡ್ ಎಂಬುದು ಆ ಶಾಲೆಯಲ್ಲಿ ಎಂದೂ ಇರಲಿಲ್ಲವೆಂದು ಆಡಳಿತ ಮಂಡಳಿ ಬರೆದುಕೊಟ್ಟಿತು. ಇನ್ನು ಮುಂದೆ ಅದು ಇರುವುದಿಲ್ಲವೆಂದೂ ಅದೇ ಪತ್ರದಲ್ಲಿ ಭರವಸೆ ಕೊಟ್ಟಿತು. ಗೋಡೆಗೆ ಸುಣ್ಣ ಬಳಿದರು. ಶೌಚಾಲಯಕ್ಕೆ ಸಂಬಳದ ಆಳು ಬಂದಳು, ಕೈಗವಸು ತೊಟ್ಟು. ಅತ್ತರ್ ಸಾರ್ ಈಗಲೂ ರಕ್ಷಣಾಧಿಕಾರಿಯೇ. ಅವರನ್ನು ಮೇಲ್ಮಟ್ಟದ ತರಬೇತಿಗೆ ಕಳಿಸಿಕೊಟ್ಟರು, ಶಾಲೆಯ ಖರ್ಚಿನಲ್ಲಿ.

ವಿಜ್ಞಾನದ ಟೀಚರಿನ ಕೆಲಸ ಖಾಯಂ ಆಗಲಿಲ್ಲ. ಕಾರಣವನ್ನು ಸ್ಪಷ್ಟವಾಗಿ ಬರೆದಿದ್ದರು: ಮಕ್ಕಳ ರಕ್ಷಣಾ ತರಬೇತಿಯ ಪ್ರಮಾಣಪತ್ರ ಹೊಂದಿರುವುದಿಲ್ಲ. ಅವಳೀಗ ಚರಂಡಿ ಬೀದಿಯ ತನ್ನ ಮನೆಯ ಜಗಲಿಯ ಮೇಲೆ ಪಾಠ ಹೇಳುತ್ತಾಳೆ. ಕೊಡುವವರು ಕೊಡುತ್ತಾರೆ, ಹೆಚ್ಚಿನವರು ಕೊಡುವುದಿಲ್ಲ. ಅಮ್ಮ ಇನ್ನೂ ಮಾರುಕಟ್ಟೆ ಗುಡಿಸುತ್ತಾಳೆ. ಮಗಳಿಗೆ ಕೆಲಸ ಖಾಯಂ ಆದ ದಿನ ಪೊರಕೆ ಬಿಡುತ್ತೇನೆ ಎಂದಿದ್ದಳು, ಬಿಡಲಾಗಲಿಲ್ಲ.

ಕಡ್ಡಿಯ ಮಾಫಿ ಉಳಿಯಿತು. ಅಂಗೈಗೆ ಹೊಸ ಚರ್ಮ ಬಂತು. ಬಿದ್ದುಹೋದ ಹೆಬ್ಬೆರಳಿನ ಉಗುರು ಮಾತ್ರ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅವಳು ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಳು.